ಕರುಳಿನ ನೋವಿಗೆ ಕಿವಿಗೊಟ್ಟವರು

ಕನ್ನಡದಲ್ಲಿ ‘ಕರುಳು’ ಎಂಬ ಮಾತಿಗೆ ದೊಡ್ಡ ಸ್ಥಾನವಿದೆ. ಹೆತ್ತ ಕರುಳು, ಕರುಳಬಳ್ಳಿ, ಕರುಳು ಚುರ್ರೆನ್ನುವ ಸಂಕಟ ಎಂದು ಪ್ರೀತಿ, ಮರುಕ, ರಕ್ತಸಂಬಂಧಗಳಿಗೆಲ್ಲ ನಮ್ಮ ಹಿರಿಯರು ಈ ಅಂಗದ ಹೆಸರನ್ನೇ ಹಿಡಿದರು. ಆದರೆ ಅದೇ ಕರುಳಿಗೆ ನಿಜವಾಗಿ ಕಾಯಿಲೆ ಬಂದರೆ ನಮ್ಮ ಬಾಯಿ ಕಟ್ಟಿಹೋಗುತ್ತದೆ. ಎದೆನೋವನ್ನೂ ಸಕ್ಕರೆ ಕಾಯಿಲೆಯನ್ನೂ ಮದುವೆಯ ಚಪ್ಪರದಲ್ಲಿ ಕುಳಿತು ಹೇಳಿಕೊಳ್ಳುವವರು, ಮಲದಲ್ಲಿ ರಕ್ತ ಹೋಗುತ್ತಿದೆಯೆಂಬುದನ್ನು ಮನೆಯವರಿಗೂ ತಿಳಿಸುವುದಿಲ್ಲ.

ಕಾಸರಗೋಡಿನ ನಮ್ಮ ಕಡೆಯ ಅಡಕೆ ಕೃಷಿಕರೊಬ್ಬರು ಹೀಗೆಯೇ ನಾಲ್ಕು ವರ್ಷ ಮೌನವಾಗಿದ್ದರು. ಮೂಲವ್ಯಾಧಿಯೆಂದು ತಾವೇ ತೀರ್ಮಾನಿಸಿ ಸಿಕ್ಕ ಸಿಕ್ಕ ಮದ್ದು ಮಾಡಿದರು. ಆ ಅವಧಿಯಲ್ಲಿ ಮದುವೆ ಮುಂಜಿಗಳಿಗೆ ಬರುವುದನ್ನು ಬಿಟ್ಟರು. ಇರುಳಿಡೀ ಕುಳಿತು ಬಯಲಾಟ ನೋಡುತ್ತಿದ್ದವರು ಆ ಕಡೆಗೆ ತಲೆ ಹಾಕಲಿಲ್ಲ. ಜನ ಅವರನ್ನು ಗರ್ವಿಯೆಂದರು. ಕಾರಣ ಬೇರೇನೂ ಇರಲಿಲ್ಲ. ಹೋದಲ್ಲಿ ಶೌಚಾಲಯ ಎಷ್ಟು ದೂರವಿದೆಯೋ ಎಂಬ ಚಿಂತೆ. ಕೊನೆಗೆ ಮಂಗಳೂರಿನ ತಜ್ಞರೊಬ್ಬರು ಪರೀಕ್ಷಿಸಿ ಕಾಯಿಲೆಯ ಹೆಸರು ಹೇಳಿದಾಗ ಅವರ ಬಾಯಿಂದ ಬಂದ ಮೊದಲ ಪ್ರಶ್ನೆ, “ಇದು ಇನ್ನು ಯಾರಿಗಾದರೂ ಬಂದದ್ದುಂಟೇ?” ಎಂಬುದು. ಆ ಪ್ರಶ್ನೆಗೆ ಉತ್ತರ ಹುಡುಕುತ್ತ ಹೋದಾಗ ತಿಳಿದುಬಂದ ಚರಿತ್ರೆಯನ್ನು ಸಂಘದ ಬಂಧುಗಳ ಮುಂದಿಡುವುದು ಈ ಲೇಖನದ ಉದ್ದೇಶ.

ಕರುಳಿನ ಉರಿಯೂತದ ರೋಗವೆಂದು ಇಂದು ಕರೆಯುವುದರಲ್ಲಿ ಮುಖ್ಯವಾಗಿ ಎರಡು ಕಾಯಿಲೆಗಳಿವೆ. ಒಂದು ಅಲ್ಸರೇಟಿವ್ ಕೊಲೈಟಿಸ್. ಇದು ದೊಡ್ಡ ಕರುಳಿನ ಒಳಪದರದಲ್ಲಿ ಹುಣ್ಣೆಬ್ಬಿಸಿ ರಕ್ತಭೇದಿಯನ್ನುಂಟುಮಾಡುತ್ತದೆ. ಇನ್ನೊಂದು ಕ್ರೋನ್ಸ್ ಕಾಯಿಲೆ. ಇದು ಬಾಯಿಯಿಂದ ಗುದದವರೆಗೆ ಎಲ್ಲಿ ಬೇಕಾದರೂ ಕಾಣಿಸಿಕೊಳ್ಳಬಹುದು. ಕರುಳಿನ ಗೋಡೆಯನ್ನು ಆಳದವರೆಗೆ ದಪ್ಪವಾಗಿಸಿ ದಾರಿಯನ್ನು ಕಿರಿದು ಮಾಡುತ್ತದೆ. ದೇಹವನ್ನು ಕಾಯಬೇಕಾದ ರಕ್ಷಣಾಶಕ್ತಿಯು ಹದ ತಪ್ಪಿ ಕರುಳಿನ ಮೇಲೆಯೇ ತಿರುಗಿ ಬೀಳುವುದು ಎರಡರಲ್ಲಿಯೂ ಸಮಾನ. ಕೆಲಕಾಲ ಕೆರಳಿ ಕೆಲಕಾಲ ಅಡಗಿ, ಇವು ಮನುಷ್ಯನ ಜೊತೆಗೆ ಬಾಳಿನುದ್ದಕ್ಕೂ ನಡೆಯುತ್ತವೆ. ಆದುದರಿಂದಲೇ ಇವುಗಳ ಚಿಕಿತ್ಸೆಯ ಚರಿತ್ರೆಯು ಒಂದು ಮದ್ದಿನ ಚರಿತ್ರೆಯಾಗದೆ, ರೋಗಿಯ ಜೊತೆಗೆ ವರ್ಷಗಟ್ಟಲೆ ನಡೆಯಲು ಕಲಿತವರ ಚರಿತ್ರೆಯಾಗಿದೆ.

ನ್ಯಾಯಾಲಯದಲ್ಲಿ ಕಾಣಿಸಿಕೊಂಡ ರೋಗ

ಈ ಕಾಯಿಲೆ ವೈದ್ಯರ ಗಮನಕ್ಕೆ ಬಂದ ಬಗೆಯೇ ವಿಚಿತ್ರವಾದುದು. 1859ರ ಮೇ ತಿಂಗಳಿನಲ್ಲಿ ಲಂಡನ್ನಿನ ಬಳಿಯ ರಿಚ್ಮಂಡಿನಲ್ಲಿ ಇಸಬೆಲ್ಲಾ ಬ್ಯಾಂಕ್ಸ್ ಎಂಬ ಮಹಿಳೆ ಕೆಲವು ವಾರಗಳ ತೀವ್ರ ಭೇದಿಯಿಂದ ತೀರಿಕೊಂಡಳು. ಆಕೆಯೊಡನೆ ಬಾಳುತ್ತಿದ್ದ ವೈದ್ಯ ಥಾಮಸ್ ಸ್ಮೆದರ್ಸ್ಟ್ ವಿಷವಿಕ್ಕಿ ಕೊಂದನೆಂಬ ಆರೋಪ ಬಂದಿತು. ಆತನಿಗೆ ಬೇರೊಬ್ಬ ಹೆಂಡತಿ ಇದ್ದುದೂ, ಇಸಬೆಲ್ಲಾಳ ಆಸ್ತಿ ಆತನಿಗೆ ಬರುವಂತಿದ್ದುದೂ ಸಂಶಯವನ್ನು ಬಲಪಡಿಸಿದವು. ಆಗಿನ ಪ್ರಸಿದ್ಧ ವಿಷಶಾಸ್ತ್ರಜ್ಞ ಆಲ್ಫ್ರೆಡ್ ಸ್ವೇನ್ ಟೇಲರ್ ತಮಗೆ ಆರ್ಸೆನಿಕ್ ಸಿಕ್ಕಿತೆಂದು ಹೇಳಿದರು. ಆದರೆ ಆ ಆರ್ಸೆನಿಕ್ ಅವರು ಪರೀಕ್ಷೆಗೆ ಬಳಸಿದ ತಾಮ್ರದ ಜಾಲರಿಯಲ್ಲಿಯೇ ಇತ್ತೆಂದು ಆಮೇಲೆ ಅವರೇ ಒಪ್ಪಿಕೊಳ್ಳಬೇಕಾಯಿತು. ಅಷ್ಟಾದರೂ ಸ್ಮೆದರ್ಸ್ಟನಿಗೆ ಮರಣದಂಡನೆಯ ತೀರ್ಪಾಯಿತು.

ಇದೇ ಸಂದರ್ಭದಲ್ಲಿ ಗೈಸ್ ಆಸ್ಪತ್ರೆಯ ವೈದ್ಯ ಸ್ಯಾಮ್ಯುಯೆಲ್ ವಿಲ್ಕ್ಸ್ ಆ ಮೃತಳ ಕರುಳನ್ನು ಪರೀಕ್ಷಿಸಿ, ಅದರ ಉರಿಯೂತ ಮತ್ತು ಹುಣ್ಣುಗಳನ್ನು ವಿವರಿಸಿ ವೈದ್ಯಪತ್ರಿಕೆಯೊಂದಕ್ಕೆ ಬರೆದರು. ತೀರ್ಪಿನ ವಿಷಯದಲ್ಲಿ ವೈದ್ಯಲೋಕ ಆಕ್ಷೇಪವೆತ್ತಿದಾಗ, ಗೃಹಮಂತ್ರಿಯ ಕೋರಿಕೆಯಂತೆ ಶಸ್ತ್ರವೈದ್ಯ ಬೆಂಜಮಿನ್ ಬ್ರೋಡಿ ಸಾಕ್ಷ್ಯವನ್ನೆಲ್ಲ ಪರಿಶೀಲಿಸಿದರು. ಕೊಲೆಯೆಂಬುದಕ್ಕೆ ಖಚಿತ ಆಧಾರವಿಲ್ಲವೆಂದಾಗಿ ಸ್ಮೆದರ್ಸ್ಟ್ ನೇಣಿನಿಂದ ಪಾರಾದ. ಇಬ್ಬರನ್ನು ಮದುವೆಯಾದ ತಪ್ಪಿಗೆ ಮಾತ್ರ ಸೆರೆಮನೆ ಕಂಡ. ವಿಲ್ಕ್ಸ್ ಮುಂದೆಯೂ ಈ ಜಾಡನ್ನು ಬಿಡಲಿಲ್ಲ. ಸಾಂಕ್ರಾಮಿಕವಾದ ಆಮಶಂಕೆಗಿಂತ ಇದು ಬೇರೆಯೇ ಆದ ರೋಗವೆಂಬ ತಿಳಿವಳಿಕೆ ಬೆಳೆಯುವುದಕ್ಕೆ ಅವರ ಬರವಣಿಗೆ ಮೊದಲಾಯಿತು. ಇಸಬೆಲ್ಲಾಳಿಗಿದ್ದುದು ಬಹುಶಃ ಕ್ರೋನ್ಸ್ ಕಾಯಿಲೆಯೆಂದು ಇಪ್ಪತ್ತನೆಯ ಶತಮಾನದ ವಿದ್ವಾಂಸರು ವಿಲ್ಕ್ಸರ ವಿವರಣೆಯನ್ನು ಓದಿ ಅಭಿಪ್ರಾಯಪಟ್ಟಿದ್ದಾರೆ. ಹೆಸರಿಲ್ಲದ ರೋಗವು ಎಂಥ ಅನಾಹುತಕ್ಕೆ ದಾರಿಯಾಗಬಲ್ಲದೆಂಬುದಕ್ಕೆ ಈ ಮೊಕದ್ದಮೆಗಿಂತ ಬೇರೆ ನಿದರ್ಶನ ಬೇಕಿಲ್ಲ.

ಎಣಿಸಿದವರು, ಹೆಸರಿಟ್ಟವರು

ಮುಂದಿನ ಅರ್ಧ ಶತಮಾನದಲ್ಲಿ ವೈದ್ಯರು ಮಾಡಿದ ದೊಡ್ಡ ಕೆಲಸ ಎಣಿಕೆ. 1909ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿ ಆಫ್ ಮೆಡಿಸಿನ್‌ನಲ್ಲಿ ನಗರದ ಆಸ್ಪತ್ರೆಗಳವರು ಸೇರಿ ತಮ್ಮ ತಮ್ಮ ಕಡತಗಳನ್ನು ಒಂದೆಡೆ ಇಟ್ಟರು. 300ಕ್ಕೂ ಹೆಚ್ಚು ಕೊಲೈಟಿಸ್ ರೋಗಿಗಳ ವಿವರ ದೊರೆಯಿತು. ಅವರಲ್ಲಿ ಅರ್ಧದ ಸಮೀಪದಷ್ಟು ಜನ ತೀರಿಹೋಗಿದ್ದರು. ಅಲ್ಲೊಬ್ಬ ಇಲ್ಲೊಬ್ಬನೆಂದು ಕಾಣುತ್ತಿದ್ದ ರೋಗಿಗಳನ್ನು ಒಟ್ಟಿಗೆ ಇಟ್ಟು ನೋಡಿದಾಗಲೇ ರೋಗದ ಭೀಕರತೆ ಕಣ್ಣಿಗೆ ಬಿದ್ದಿತು.

1913ರಲ್ಲಿ ಗ್ಲಾಸ್ಗೋದ ಶಸ್ತ್ರವೈದ್ಯ ಕೆನೆಡಿ ಡಾಲ್ಜಿಯಲ್ ಇನ್ನೊಂದು ಬಗೆಯ ರೋಗವನ್ನು ವಿವರಿಸಿದರು. ಕರುಳಿನ ಭಾಗಗಳು ಸತ್ತು ಸೆಟೆದ ಹಾವುಮೀನಿನಂತೆ ದಪ್ಪವಾಗಿ ಬಿಗಿದುಕೊಂಡಿದ್ದವು. ನೋಡಿದರೆ ಕ್ಷಯದಂತೆ, ಆದರೆ ಕ್ಷಯದ ಕ್ರಿಮಿ ಮಾತ್ರ ಕಾಣದು. ದನಗಳಿಗೆ ಬರುವ ಜೋನ್ಸ್ ರೋಗವನ್ನು ಇದು ಹೋಲುತ್ತದೆಯೆಂದು ಅವರು ಗುರುತಿಸಿದರು. ಮರುವರ್ಷವೇ ಮಹಾಯುದ್ಧ ಶುರುವಾಯಿತು. ಅವರ ಲೇಖನ ಬಹುಮಟ್ಟಿಗೆ ಮರೆಯಲ್ಲಿಯೇ ಉಳಿಯಿತು.

1932ರಲ್ಲಿ ನ್ಯೂಯಾರ್ಕಿನ ಮೌಂಟ್ ಸೈನಾಯ್ ಆಸ್ಪತ್ರೆಯ ಬರಿಲ್ ಕ್ರೋನ್, ಲಿಯಾನ್ ಗಿನ್ಸ್‌ಬರ್ಗ್, ಗಾರ್ಡನ್ ಓಪನ್‌ಹೈಮರ್ ಎಂಬ ಮೂವರು 14 ಮಂದಿ ರೋಗಿಗಳ ವಿವರವನ್ನು ಪ್ರಕಟಿಸಿದರು. ಸಣ್ಣ ಕರುಳಿನ ಕೊನೆಯ ಭಾಗದ ಈ ಉರಿಯೂತ ಕ್ಷಯವಲ್ಲ, ಗಡ್ಡೆಯೂ ಅಲ್ಲ, ಪ್ರತ್ಯೇಕವಾದ ರೋಗ ಎಂದು ಸಾಧಿಸಿದರು. ಇಂಗ್ಲಿಷ್ ಅಕ್ಷರಮಾಲೆಯ ಕ್ರಮದಲ್ಲಿ ಹೆಸರು ಹಾಕಿದುದರಿಂದ ಕ್ರೋನ್ ಮೊದಲಿಗರಾದರು. ರೋಗಕ್ಕೂ ಅವರ ಹೆಸರೇ ನಿಂತಿತು. ಆ ರೋಗಿಗಳ ಶಸ್ತ್ರಚಿಕಿತ್ಸೆ ಮಾಡಿದ ಎ. ಎ. ಬರ್ಗ್, ತಾವು ಬರೆಯದ ಲೇಖನಕ್ಕೆ ತಮ್ಮ ಹೆಸರು ಬೇಡವೆಂದರು. ಅವರು ಒಪ್ಪಿದ್ದರೆ ನಾವಿಂದು ‘ಬರ್ಗ್ ಕಾಯಿಲೆ’ ಎನ್ನುತ್ತಿದ್ದೆವೋ ಏನೋ. 1956ರ ಜೂನಿನಲ್ಲಿ ಅಮೆರಿಕದ ಅಧ್ಯಕ್ಷ ಐಸೆನ್‌ಹೋವರ್ ಅವರಿಗೆ ಇದೇ ಕಾಯಿಲೆಗಾಗಿ ಶಸ್ತ್ರಚಿಕಿತ್ಸೆ ನಡೆಯಿತು. ನವೆಂಬರಿನಲ್ಲಿ ಅವರು ಚುನಾವಣೆಯನ್ನೂ ಗೆದ್ದರು. ದೊಡ್ಡವರ ಕರುಳಿನ ಸುದ್ದಿ ಪತ್ರಿಕೆಗಳಲ್ಲಿ ಬಂದಾಗ ಜನಸಾಮಾನ್ಯರ ಸಂಕೋಚವೂ ತುಸು ಸಡಿಲಿತು.

ಈ ಚರಿತ್ರೆಯಲ್ಲಿ ನಾಚಬೇಕಾದ ಪುಟವೂ ಒಂದಿದೆ. 1930ರ ದಶಕದಿಂದ ಹಲವು ದಶಕಗಳ ಕಾಲ, ಕೊಲೈಟಿಸ್ ಎಂಬುದು ರೋಗಿಯ ಮನಸ್ಸಿನ ದೌರ್ಬಲ್ಯದಿಂದ, ತಾಯಿಯ ಮೇಲಿನ ಅತಿಯಾದ ಅವಲಂಬನೆಯಿಂದ ಬರುತ್ತದೆಂದು ನಂಬಿದ ವೈದ್ಯರಿದ್ದರು. ರಕ್ತ ಸುರಿಯುತ್ತಿದ್ದವರಿಗೆ, ತಪ್ಪು ನಿಮ್ಮದೇ ಎಂಬ ಮಾತನ್ನೂ ಹೊರಿಸಲಾಯಿತು. ಮನಸ್ಸಿನ ಒತ್ತಡವು ಕಾಯಿಲೆಯನ್ನು ಹೆಚ್ಚಿಸಬಹುದು. ಆದರೆ ಅದೇ ಮೂಲಕಾರಣವೆಂಬ ವಾದ ಪರೀಕ್ಷೆಯ ಮುಂದೆ ನಿಲ್ಲಲಿಲ್ಲ. “ನೀನು ಚಿಂತೆ ಮಾಡುವುದೇ ನಿನ್ನ ಕಾಯಿಲೆ” ಎಂಬ ಮಾತು ನಮ್ಮ ಮನೆಗಳಲ್ಲಿ ಇಂದಿಗೂ ಕೇಳಿಬರುವುದರಿಂದ ಇದನ್ನು ನೆನೆಯಬೇಕಾಗಿದೆ.

ಮದ್ದು ಮತ್ತು ಅದರ ಪರೀಕ್ಷೆ

ಮೊದಲ ಮುಖ್ಯ ಔಷಧ ಬಂದದ್ದು ಸ್ವೀಡನ್ನಿನಿಂದ, ನಾನ್ನಾ ಸ್ವಾರ್ಟ್ಸ್ ಎಂಬ ವೈದ್ಯೆಯಿಂದ. ಸಂಧಿವಾತಕ್ಕೆಂದು ಸ್ಯಾಲಿಸಿಲೇಟನ್ನೂ ಸಲ್ಫಾ ಔಷಧವನ್ನೂ ಜೋಡಿಸಿದ ಸಂಯುಕ್ತವೊಂದನ್ನು ಅವರು ರೂಪಿಸಿದ್ದರು. ಅದು ಕೊಲೈಟಿಸ್ ರೋಗಿಗಳಿಗೆ ಚೆನ್ನಾಗಿ ಹಿಡಿಯುವುದನ್ನು ಕಂಡು 1942ರಲ್ಲಿ ಪ್ರಕಟಿಸಿದರು. ಸಲ್ಫಸಲಜೀನ್ ಎಂಬ ಆ ಮಾತ್ರೆ ಎಂಬತ್ತು ವರ್ಷಗಳ ಬಳಿಕವೂ ಬಳಕೆಯಲ್ಲಿದೆ.

ಎರಡನೆಯ ಹೆಜ್ಜೆ ಆಕ್ಸ್‌ಫರ್ಡಿನದು. ಕಾರ್ಟಿಸೋನ್ ಎಂಬ ಹೊಸ ಔಷಧದ ಹೊಗಳಿಕೆ ಎಲ್ಲೆಡೆ ಕೇಳುತ್ತಿದ್ದ ಕಾಲದಲ್ಲಿ ಸಿಡ್ನಿ ಟ್ರೂಲವ್ ಮತ್ತು ಎಲ್. ಜೆ. ವಿಟ್ಸ್ ಅದನ್ನು ಹಾಗೆಯೇ ನಂಬಲಿಲ್ಲ. 210 ಮಂದಿ ರೋಗಿಗಳಲ್ಲಿ 109 ಮಂದಿಗೆ ಕಾರ್ಟಿಸೋನನ್ನೂ 101 ಮಂದಿಗೆ ನೋಡಲು ಅದೇ ರೀತಿಯಿದ್ದ ಸತ್ತ್ವವಿಲ್ಲದ ಮಾತ್ರೆಯನ್ನೂ ಕೊಟ್ಟು ಆರು ವಾರ ಕಾದರು. ನಿಜವಾದ ಔಷಧ ಪಡೆದವರಲ್ಲಿ ಶೇಕಡ 41 ಮಂದಿಗೆ ರೋಗ ಅಡಗಿತು. ಇನ್ನೊಂದು ಗುಂಪಿನಲ್ಲಿ ಶೇಕಡ 16 ಮಂದಿಗೆ ಮಾತ್ರ. ಈ ವರದಿ ಪೂರ್ಣವಾಗಿ ಪ್ರಕಟವಾದುದು 1955ರಲ್ಲಿ. ರೋಗದ ತೀವ್ರತೆಯನ್ನು ಅಳೆಯಲು ಅವರು ಹಾಕಿಕೊಂಡ ಗುರುತುಗಳು ಸರಳವಾದವು: ದಿನಕ್ಕೆ ಎಷ್ಟು ಬಾರಿ ರಕ್ತಮಿಶ್ರಿತ ಭೇದಿ, ಜ್ವರ ಎಷ್ಟು, ನಾಡಿ ಎಷ್ಟು, ರಕ್ತಹೀನತೆ ಎಷ್ಟು. ದಿನಕ್ಕೆ ಆರು ಬಾರಿ ಅಥವಾ ಹೆಚ್ಚು ರಕ್ತಭೇದಿಯಾಗಿ, ಜೊತೆಗೆ ಜ್ವರವೋ ನಾಡಿಯ ಓಟವೋ ಇದ್ದರೆ ಅದು ತೀವ್ರ ದಾಳಿಯೆಂಬ ಲೆಕ್ಕವನ್ನು ಇಂದಿನ ವೈದ್ಯರೂ ಬಿಟ್ಟಿಲ್ಲ.

1974ರಲ್ಲಿ ಟ್ರೂಲವ್ ಮತ್ತು ಡೆರೆಕ್ ಜ್ಯೂಯೆಲ್ ಇನ್ನೊಂದು ಕ್ರಮವನ್ನು ಮುಂದಿಟ್ಟರು. ತೀವ್ರವಾಗಿ ನರಳುವ ರೋಗಿಗೆ ಐದು ದಿನ ರಕ್ತನಾಳದ ಮೂಲಕ ಸ್ಟಿರಾಯ್ಡ್ ಕೊಡುವುದು; ಗುಣ ಕಾಣದಿದ್ದರೆ ತಡಮಾಡದೆ ಶಸ್ತ್ರಚಿಕಿತ್ಸೆಗೆ ಒಪ್ಪಿಸುವುದು. ಇದರ ತಿರುಳು ಔಷಧಕ್ಕಿಂತ ಹೆಚ್ಚಾಗಿ ವ್ಯವಸ್ಥೆಯಲ್ಲಿದೆ. ಮೊದಲ ದಿನದಿಂದಲೇ ವೈದ್ಯನೂ ಶಸ್ತ್ರವೈದ್ಯನೂ ಒಟ್ಟಿಗೆ ರೋಗಿಯ ಮಂಚದ ಬಳಿ ನಿಲ್ಲಬೇಕು. ನಾಳೆ ನೋಡೋಣ, ನಾಡಿದ್ದು ನೋಡೋಣ ಎನ್ನುತ್ತ ಕಾಲ ಕಳೆಯುವುದೇ ಪ್ರಾಣಕ್ಕೆ ಎರವಾಗುತ್ತಿತ್ತು. ಅದೇ ಆಕ್ಸ್‌ಫರ್ಡಿನಲ್ಲಿ 1977ರಲ್ಲಿ, ಇಂದಿನ ಬಾಂಗ್ಲಾದೇಶದವರಾದ ಎ. ಕೆ. ಆಜಾದ್ ಖಾನ್ ಅವರು ಟ್ರೂಲವ್ ಅವರೊಡನೆ ಕೆಲಸ ಮಾಡಿ, ಸ್ವಾರ್ಟ್ಸ್ ಅವರ ಜೋಡಿ ಔಷಧದಲ್ಲಿ ಕರುಳನ್ನು ಶಮನಗೊಳಿಸುವುದು ಸ್ಯಾಲಿಸಿಲೇಟಿನ ಭಾಗವೇ ಎಂದು ತೋರಿಸಿದರು. ಸಲ್ಫಾ ಒಗ್ಗದವರಿಗೂ ಕೊಡಬಹುದಾದ ಮೆಸಲಮೀನ್ ಮಾತ್ರೆಗಳು ಬಂದುದು ಆ ತಿಳಿವಳಿಕೆಯಿಂದ.

ದಾದಿಯಾದ ರೋಗಿ

ಔಷಧಕ್ಕೆ ಬಗ್ಗದ ಕೊಲೈಟಿಸಿಗೆ ದೊಡ್ಡ ಕರುಳನ್ನು ತೆಗೆದು, ಸಣ್ಣ ಕರುಳಿನ ತುದಿಯನ್ನು ಹೊಟ್ಟೆಯ ಮೇಲೆ ತೆರೆಯುವುದೊಂದೇ ಉಪಾಯವಾಗಿತ್ತು. ಹಾಗೆ ತೆರೆದ ಬಾಯಿ ಉರಿಯೂತದಿಂದ ಮುಚ್ಚಿಕೊಳ್ಳುತ್ತಿತ್ತು. ಸುತ್ತಲ ಚರ್ಮ ಸುಲಿದುಹೋಗುತ್ತಿತ್ತು. 1952ರಲ್ಲಿ ಬರ್ಮಿಂಗ್‌ಹ್ಯಾಮಿನ ಬ್ರಯನ್ ಬ್ರೂಕ್ ಕರುಳಿನ ತುದಿಯನ್ನು ಅಂಗಿಯ ತೋಳನ್ನು ಮಡಚುವಂತೆ ಹೊರಗೆ ಮಡಚಿ ಹೊಲಿಯುವ ವಿಧಾನವನ್ನು ತಿಳಿಸಿದರು. ಇಷ್ಟು ಸಣ್ಣ ಬದಲಾವಣೆಯಿಂದ ಸಾವಿರಾರು ಜನರ ಬಾಳು ಸಹನೀಯವಾಯಿತು.

ಆದರೆ ಶಸ್ತ್ರಚಿಕಿತ್ಸೆಯಾಗಿ ಮನೆಗೆ ಹೋದ ಮೇಲೆ ಆ ಚೀಲವನ್ನು ಕಟ್ಟಿಕೊಳ್ಳುವುದು ಹೇಗೆ, ಸೀರೆ ಉಡುವುದೋ ಗದ್ದೆಗೆ ಇಳಿಯುವುದೋ ಹೇಗೆ ಎಂದು ಹೇಳಿಕೊಡುವವರು ಯಾರು? ಅಮೆರಿಕದ ಓಹಾಯೋದ ನಾರ್ಮಾ ಗಿಲ್ ಎಂಬಾಕೆ ಕೊಲೈಟಿಸಿನಿಂದ ನರಳಿ ಈ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡಿದ್ದಳು. ಆಕೆ ತನ್ನಂಥ ಇತರರಿಗೆ ಧೈರ್ಯ ಹೇಳುತ್ತಿದ್ದುದನ್ನು ಕಂಡು, 1958ರಲ್ಲಿ ಕ್ಲೀವ್‌ಲ್ಯಾಂಡ್ ಕ್ಲಿನಿಕ್ಕಿನ ಶಸ್ತ್ರವೈದ್ಯ ರೂಪರ್ಟ್ ಟರ್ನ್‌ಬುಲ್ ಆಕೆಯನ್ನು ಈ ಕೆಲಸಕ್ಕೆಂದೇ ನೇಮಿಸಿಕೊಂಡರು. ಮುಂದೆ ಇಬ್ಬರೂ ಸೇರಿ ಅದಕ್ಕೊಂದು ತರಬೇತಿ ಶಾಲೆಯನ್ನೇ ತೆರೆದರು. ಅನುಭವಿಸಿದವಳ ಮಾತಿಗೆ ಆಸ್ಪತ್ರೆಯೊಳಗೆ ಅಧಿಕೃತ ಸ್ಥಾನ ದೊರೆತುದು ಈ ಚರಿತ್ರೆಯ ಅತಿ ಸುಂದರವಾದ ಘಟನೆಯೆಂದು ನನ್ನ ಭಾವನೆ.

ಲಂಡನ್ನಿನ ಸೇಂಟ್ ಮಾರ್ಕ್ಸ್ ಆಸ್ಪತ್ರೆಯನ್ನೂ ಇಲ್ಲಿ ಹೇಳಲೇಬೇಕು. ಭಗಂದರ ಮುಂತಾದ ಗುದರೋಗಗಳಿಂದ ನರಳುವ ಬಡವರಿಗಾಗಿ ಫ್ರೆಡರಿಕ್ ಸಾಲ್ಮನ್ 1835ರಲ್ಲಿ ಏಳು ಹಾಸಿಗೆಗಳೊಂದಿಗೆ ಆರಂಭಿಸಿದ ಸಂಸ್ಥೆಯಿದು. ಯಾರೂ ಬಾಯಿಬಿಟ್ಟು ಹೇಳದ ರೋಗಗಳಿಗೆಂದೇ ಹುಟ್ಟಿದ ಆಸ್ಪತ್ರೆ. ಕ್ರೋನ್ಸ್ ಕಾಯಿಲೆ ದೊಡ್ಡ ಕರುಳಿಗೂ ಬರಬಲ್ಲದು, ಅದು ಕೊಲೈಟಿಸಿಗಿಂತ ಬೇರೆ ಎಂಬುದನ್ನು 1960ರಲ್ಲಿ ಸ್ಪಷ್ಟಪಡಿಸಿದವರು ಇಲ್ಲಿನ ಲಾಕ್‌ಹಾರ್ಟ್ ಮಮರಿ ಮತ್ತು ಬೇಸಿಲ್ ಮಾರ್ಸನ್. ಸಣ್ಣ ಕರುಳಿನಿಂದಲೇ ಒಳಗೆ ಚೀಲವೊಂದನ್ನು ಕಟ್ಟಿ, ಹೊಟ್ಟೆಯ ಮೇಲಿನ ಚೀಲದ ಅಗತ್ಯವನ್ನೇ ತಪ್ಪಿಸುವ ಶಸ್ತ್ರಚಿಕಿತ್ಸೆಯನ್ನು 1978ರಲ್ಲಿ ವರದಿ ಮಾಡಿದವರು ಇಲ್ಲಿನ ಅಲನ್ ಪಾರ್ಕ್ಸ್ ಮತ್ತು ಜಾನ್ ನಿಕೋಲ್ಸ್.

ತಜ್ಞ ಚಿಕಿತ್ಸೆಯೆಂದರೆ ಏನೆಂಬುದಕ್ಕೆ ಬ್ರಿಟನ್ 2009ರಲ್ಲಿ ಲಿಖಿತ ಮಾನದಂಡಗಳನ್ನು ಹೊರತಂದಿತು. ಕರುಳುತಜ್ಞ, ಶಸ್ತ್ರವೈದ್ಯ, ಕ್ಷಕಿರಣತಜ್ಞ, ಅಂಗಾಂಶ ಪರೀಕ್ಷಕ, ಆಹಾರತಜ್ಞ, ಈ ರೋಗಕ್ಕೆಂದೇ ತರಬೇತಾದ ದಾದಿ, ಇವರೆಲ್ಲ ಒಂದು ತಂಡವಾಗಿರಬೇಕು. ರೋಗ ಮರುಕಳಿಸಿದವರನ್ನು ಐದು ಕೆಲಸದ ದಿನಗಳೊಳಗೆ ನೋಡಬೇಕು. ವಾರ್ಡಿನಲ್ಲಿ ಮೂರು ಹಾಸಿಗೆಗೆ ಒಂದರಂತೆ ಶೌಚಾಲಯವಿರಬೇಕು. ಆ ಕೊನೆಯ ನಿಯಮವನ್ನು ಓದಿದಾಗ ನನಗೆ ನಮ್ಮ ಊರಿನ ಅಡಕೆ ಕೃಷಿಕರ ನೆನಪಾಯಿತು. ಅವರು ಯಾರಿಗೂ ಹೇಳದ ಚಿಂತೆಯನ್ನು ದೂರದ ಯಾರೋ ಕೇಳಿಸಿಕೊಂಡು ನಿಯಮವಾಗಿ ಬರೆದಿಟ್ಟಿದ್ದರು.

ನಮ್ಮ ದೇಶದ ಇಕ್ಕಟ್ಟು

ಭಾರತದಲ್ಲಿ ಬಹುಕಾಲ ಇದನ್ನು ಪಾಶ್ಚಾತ್ಯರ ರೋಗವೆಂದೇ ತಿಳಿಯಲಾಗಿತ್ತು. ಆಮಶಂಕೆಯೂ ಕರುಳಿನ ಕ್ಷಯವೂ ಮನೆಮನೆಯ ಮಾತಾಗಿದ್ದ ನಾಡಿನಲ್ಲಿ ಮೂರನೆಯದನ್ನು ಹುಡುಕುವವರು ಕಡಿಮೆ. ಈ ನಂಬಿಕೆಯನ್ನು ಅಲುಗಿಸಿದ್ದು ಲುಧಿಯಾನದ ದಯಾನಂದ ವೈದ್ಯಕೀಯ ಕಾಲೇಜಿನ ವೈದ್ಯರು ಪಂಜಾಬಿನಲ್ಲಿ ಮನೆಮನೆಗೆ ಹೋಗಿ ನಡೆಸಿದ ಸಮೀಕ್ಷೆ. 51,910 ಜನರನ್ನು ವಿಚಾರಿಸಿ, ಸಂಶಯ ಬಂದವರ ಕರುಳನ್ನು ಪರೀಕ್ಷಿಸಿದಾಗ 23 ಮಂದಿಗೆ ಅಲ್ಸರೇಟಿವ್ ಕೊಲೈಟಿಸ್ ಇತ್ತು. ಅಂದರೆ ಲಕ್ಷಕ್ಕೆ ಸುಮಾರು 44 ಮಂದಿ. 2003ರಲ್ಲಿ ಪ್ರಕಟವಾದ ಈ ಲೆಕ್ಕವು, ಇನ್ನು ಯಾರಿಗಾದರೂ ಬಂದದ್ದುಂಟೇ ಎಂಬ ಪ್ರಶ್ನೆಗೆ ನಮ್ಮ ನೆಲದಿಂದಲೇ ಬಂದ ಉತ್ತರ.

ಕ್ರೋನ್ಸ್ ಕಾಯಿಲೆಯ ವಿಷಯದಲ್ಲಿ ಭಾರತೀಯ ವೈದ್ಯನ ಇಕ್ಕಟ್ಟು ಇನ್ನೂ ದೊಡ್ಡದು. ಡಾಲ್ಜಿಯಲ್ 1913ರಲ್ಲಿ ಕಂಡ ಹೋಲಿಕೆಯೇ ಇಲ್ಲಿ ದಿನನಿತ್ಯದ ಸಮಸ್ಯೆ. ಕರುಳಿನ ಕ್ಷಯವೂ ಕ್ರೋನ್ಸ್ ಕಾಯಿಲೆಯೂ ಕಣ್ಣಿಗೆ, ಸೂಕ್ಷ್ಮದರ್ಶಕಕ್ಕೆ, ಸ್ಕ್ಯಾನಿಗೆ ಬಹುಪಾಲು ಒಂದೇ ರೀತಿ ಕಾಣುತ್ತವೆ. ಒಂದಕ್ಕೆ ಕೊಡುವ ಸ್ಟಿರಾಯ್ಡ್ ಇನ್ನೊಂದನ್ನು ಉಲ್ಬಣಗೊಳಿಸುತ್ತದೆ. ಆದುದರಿಂದ ನಿರ್ಧಾರವಾಗದಿದ್ದಲ್ಲಿ ಮೊದಲು ಕ್ಷಯದ ಔಷಧ ಕೊಟ್ಟು, ಎರಡು ಮೂರು ತಿಂಗಳಲ್ಲಿ ಮತ್ತೆ ಕರುಳಿನೊಳಗೆ ನೋಡಿ, ಹುಣ್ಣು ಮಾಗಿದೆಯೇ ಇಲ್ಲವೇ ಎಂಬುದರಿಂದ ರೋಗವನ್ನು ಗುರುತಿಸುವ ಕ್ರಮವನ್ನು ಇಲ್ಲಿನ ತಜ್ಞರು ಅನುಸರಿಸುತ್ತಾರೆ. ಹಾಗೆ ನೋಡಲು ನೆರವಾಗುವ ಬಾಗುವ ದರ್ಶಕದ ಹಿಂದೆಯೂ ಭಾರತೀಯರೊಬ್ಬರಿದ್ದಾರೆ. ಗಾಜಿನ ಎಳೆಗಳ ಕಟ್ಟಿನ ಮೂಲಕ ಚಿತ್ರವನ್ನು ಸಾಗಿಸಬಹುದೆಂದು ಹೆರಾಲ್ಡ್ ಹಾಪ್ಕಿನ್ಸ್ ಅವರೊಡನೆ 1954ರಲ್ಲಿ ತೋರಿಸಿಕೊಟ್ಟವರು ಪಂಜಾಬಿನ ಮೋಗಾದಲ್ಲಿ ಹುಟ್ಟಿದ ನರಿಂದರ್ ಸಿಂಗ್ ಕಪಾನಿ.

1998ರಲ್ಲಿ ಇನ್‌ಫ್ಲಿಕ್ಸಿಮ್ಯಾಬ್ ಎಂಬ ಜೈವಿಕ ಔಷಧಕ್ಕೆ ಅಮೆರಿಕದಲ್ಲಿ ಅನುಮತಿ ದೊರೆತು ಹೊಸ ಯುಗವೇ ಆರಂಭವಾಯಿತು. ಆದರೆ ಅದು ದೇಹದಲ್ಲಿ ಮಲಗಿರುವ ಕ್ಷಯವನ್ನು ಎಬ್ಬಿಸಬಲ್ಲದೆಂದು 2001ರಲ್ಲಿ ತಿಳಿದುಬಂದಿತು. ಅಲ್ಲಿಂದ ಮೊದಲು ಕ್ಷಯದ ಪರೀಕ್ಷೆ, ಆಮೇಲೆ ಔಷಧ ಎಂಬುದು ನಿಯಮವಾಯಿತು. ಬೆಲೆಯ ಮಾತು ಬೇರೆ. 2014ರಲ್ಲಿ ಇದೇ ಬಗೆಯ ಅಡಾಲಿಮುಮ್ಯಾಬ್ ಔಷಧದ ಸಮಾನರೂಪವನ್ನು ಭಾರತದ ಕಂಪನಿಯೇ ತಯಾರಿಸಿ ಹೊರತಂದ ಮೇಲೆ ಬೆಲೆ ಸ್ವಲ್ಪ ಇಳಿಯಿತು. ಆದರೂ ಸಾಮಾನ್ಯ ಸಂಸಾರಕ್ಕೆ ಅದು ಇಂದಿಗೂ ಭಾರವೇ.

ದಾರಿಯೂ ಚಿಕಿತ್ಸೆಯ ಭಾಗ

ಇಷ್ಟನ್ನೆಲ್ಲ ಗಡಿನಾಡಿನ ನಮ್ಮ ಸಂಚಿಕೆಯಲ್ಲಿ ಬರೆಯುವುದಕ್ಕೆ ಕಾರಣವಿದೆ. ಒಂದು ದಿನದ ಶಸ್ತ್ರಚಿಕಿತ್ಸೆಗೆ ಎಷ್ಟು ದೂರವಾದರೂ ಹೋಗಿಬರಬಹುದು. ಬಾಳಿಡೀ ಬೇಕಾದ ಚಿಕಿತ್ಸೆಗೆ ದಾರಿ ತೆರೆದಿರಬೇಕು, ವೈದ್ಯರೊಡನೆ ಮಾತಿನ ಬಳಕೆ ಇರಬೇಕು. 1956ರ ನವೆಂಬರ್ 1ರಂದು ಕಾಸರಗೋಡು ಕೇರಳಕ್ಕೆ ಸೇರಿತು; ಆದರೆ ನಮ್ಮ ರೋಗಿಗಳು ಮಂಗಳೂರಿನ ದಾರಿಯನ್ನು ಬಿಡಲಿಲ್ಲ. ದಕ್ಷಿಣ ಕನ್ನಡದೊಳಗೇ ಇದ್ದ ಕಾಲದ ನಂಟದು. 1953ರಲ್ಲಿ ಆರಂಭವಾದ ಕಸ್ತೂರಬಾ ವೈದ್ಯಕೀಯ ಕಾಲೇಜಿನಂಥ ಸಂಸ್ಥೆಗಳಿಂದ ಅದು ಇನ್ನಷ್ಟು ಗಟ್ಟಿಯಾಯಿತು. ತುಳುವಿನಲ್ಲಿಯೋ ಕನ್ನಡದಲ್ಲಿಯೋ ಕೊಂಕಣಿಯಲ್ಲಿಯೋ ಬ್ಯಾರಿಭಾಷೆಯಲ್ಲಿಯೋ ಹೇಳಿಕೊಂಡರೆ ಅಲ್ಲಿ ಅರ್ಥಮಾಡಿಕೊಳ್ಳುವವರಿದ್ದಾರೆ. ಹೇಳಲು ನಾಚುವ ರೋಗವನ್ನು ತಾಯ್ನುಡಿಯಲ್ಲಿ ಹೇಳುವುದೇ ಕಷ್ಟ. ಪರಭಾಷೆಯಲ್ಲಿ ಹೇಳುವುದಂತೂ ದೂರದ ಮಾತು.

2020ರ ಮಾರ್ಚ್ ಕೊನೆಯಲ್ಲಿ ಕೊರೋನಾ ಕಾರಣದಿಂದ ಗಡಿಯ ರಸ್ತೆಗಳು ಮುಚ್ಚಿದಾಗ ಈ ನಂಟಿನ ಬೆಲೆ ನಮಗೆ ಕಹಿಯಾಗಿಯೇ ತಿಳಿಯಿತು. ವಿಷಯ ಕೇರಳದ ಉಚ್ಚ ನ್ಯಾಯಾಲಯಕ್ಕೂ ಅಲ್ಲಿಂದ ಸುಪ್ರೀಂ ಕೋರ್ಟಿಗೂ ಹೋಯಿತು. ಏಪ್ರಿಲ್ ಮೊದಲ ವಾರ ಕಳೆಯುವಾಗ ತಲಪಾಡಿಯಲ್ಲಿ ರೋಗಿಗಳನ್ನು ಬಿಡುವ ಕ್ರಮವೊಂದು ಗೊತ್ತಾಯಿತು. ಯಾವ ಸರಕಾರದ ಮೇಲೂ ತಪ್ಪು ಹೊರಿಸುವುದು ಇಲ್ಲಿನ ಉದ್ದೇಶವಲ್ಲ. ಮಾತ್ರೆ ನಿಂತರೆ ರೋಗ ಕೆರಳುವ ಕಾಯಿಲೆಯವರಿಗೆ ರಸ್ತೆಯೂ ಒಂದು ಔಷಧವೇ ಎಂಬುದನ್ನು ಮರೆಯಬಾರದು, ಅಷ್ಟೆ.

ನಮ್ಮ ಸಂಘ ಆಸ್ಪತ್ರೆ ಕಟ್ಟಲಾರದು. ಆದರೆ ಆಸ್ಪತ್ರೆಗೆ ಮುಂಚೆ ಆಗಬೇಕಾದ ಕೆಲಸವೊಂದಿದೆ, ಅದು ಮಾತಾಡುವುದು. ವಾರಗಟ್ಟಲೆ ಭೇದಿ, ಮಲದಲ್ಲಿ ರಕ್ತ, ಕಾರಣವಿಲ್ಲದೆ ತೂಕ ಇಳಿಯುವುದು, ನಿದ್ದೆಯಿಂದ ಎಬ್ಬಿಸುವ ಹೊಟ್ಟೆನೋವು, ಮಕ್ಕಳ ಬೆಳವಣಿಗೆ ಕುಂಠಿತವಾಗುವುದು, ಇವುಗಳಲ್ಲಿ ಯಾವುದಿದ್ದರೂ ಮೂಲವ್ಯಾಧಿಯೆಂದು ತಾವೇ ನಿರ್ಣಯಿಸದೆ ತಜ್ಞರನ್ನು ಕಾಣಬೇಕೆಂದು ಮನೆಯ ಹಿರಿಯರು ಹೇಳುವಂತಾಗಲಿ. ಗುಣ ಕಂಡ ಮಾತ್ರಕ್ಕೆ ಔಷಧವನ್ನು ತಾವೇ ನಿಲ್ಲಿಸಬಾರದೆಂಬುದೂ ತಿಳಿದಿರಲಿ.

ಅಡಕೆ ಕೃಷಿಕರು ಈಗ ವರ್ಷಕ್ಕೆ ನಾಲ್ಕು ಸಲ ಮಂಗಳೂರಿಗೆ ಹೋಗಿಬರುತ್ತಾರೆ. ಕಳೆದ ವರ್ಷದ ಬಯಲಾಟಕ್ಕೆ ಬಂದಿದ್ದರು. ಚಪ್ಪರದ ಅಂಚಿನಲ್ಲಿ, ಎದ್ದುಹೋಗಲು ಅನುಕೂಲವಾದ ಕಡೆ ಕುರ್ಚಿ ಹಾಕಿಸಿಕೊಂಡು, ಯಾಕೆಂದು ಕೇಳಿದವರಿಗೆಲ್ಲ ಕಾರಣವನ್ನು ಸಂಕೋಚವಿಲ್ಲದೆ ಹೇಳಿದರು. ಕೇಳಿದವರಲ್ಲಿ ಇಬ್ಬರು, ಆಟ ಮುಗಿದ ಮೇಲೆ, ಅವರನ್ನು ಬದಿಗೆ ಕರೆದು ವೈದ್ಯರ ವಿಳಾಸ ಪಡೆದುಕೊಂಡರು.